ಹುಳು ಮನೆ ಗೋಡೆಯ ಬುಡ

ರೇಷ್ಮೆ ಹುಳುವಿಗೆ ಮೈಯಲ್ಲಿ ಸ್ವಂತ ಬಿಸಿ ಅಂತ ಇಲ್ಲ. ಮನೆ ಎಷ್ಟು ಕಾಯುತ್ತದೋ ಹುಳುವೂ ಅಷ್ಟೇ ಕಾಯುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಅದಕ್ಕೆ 23-24 ಡಿಗ್ರಿ ಇರಬೇಕು, ಗಾಳಿಯಲ್ಲಿ ಶೇಕಡಾ 65-70 ತೇವ ಇರಬೇಕು. ನಮ್ಮ ಶಿಡ್ಲಘಟ್ಟದ ಕಡೆ ಏಪ್ರಿಲ್ ಮಧ್ಯಾಹ್ನ ಹೊರಗೆ 35-36 ಮುಟ್ಟುತ್ತೆ. ಕಿಟಕಿಗೆ ಗೋಣಿಚೀಲ ಕಟ್ಟಿ ನೀರು ಚಿಮುಕಿಸುತ್ತೇವೆ, ನೆಲ ತೋಯಿಸುತ್ತೇವೆ, ಫ್ಯಾನು ಹಾಕುತ್ತೇವೆ. ಎಲ್ಲಾ ಮಾಡಿದರೂ ಸಂಜೆ ನಾಲ್ಕಕ್ಕೆ ಪಶ್ಚಿಮದ ಗೋಡೆ ಮುಟ್ಟಿದರೆ ಕೈ ಸುಡುತ್ತೆ. ಹೊತ್ತು ಮುಳುಗಿದ ಮೇಲೂ ಆ ಗೋಡೆ ಒಳಗೆ ಬಿಸಿ ಉಗುಳುತ್ತಲೇ ಇರುತ್ತದೆ. ಸಪ್ಪೆರೋಗ ಬಂತು, ಹಾಲು ತೊಂಡೆ ಬಂತು ಅಂತ ಚಾಕಿ (ಎಳೇ ಹುಳು) ಕೊಟ್ಟವರನ್ನು ಬೈಯುವ ಮುಂಚೆ ಒಂದು ಸಲ ಆ ಗೋಡೆ ಮುಟ್ಟಿ ನೋಡಬೇಕು ಅಂತ ನಾನು ಹೇಳುವುದು.

ನಮ್ಮ ಅತ್ತೆ ಕಾಲದಲ್ಲಿ ಹುಳು ಮನೆಯೊಳಗೇ ಇರುತ್ತಿತ್ತು. ಒಂದೂವರೆ ಅಡಿ ಮಣ್ಣಿನ ಗೋಡೆ, ಮೇಲೆ ಹೆಂಚು. ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಈಗ ತಟ್ಟೆ ಹೋಗಿ ರೆಂಬೆ ಪದ್ಧತಿ ಬಂದಿದೆ. ಸೊಪ್ಪನ್ನು ಕಡ್ಡಿ ಸಮೇತ ಹಾಕಬೇಕು, ಅದಕ್ಕೆ ಜಾಗ ಬೇಕು, ಬೇರೆ ಮನೆ ಬೇಕು. ಮೊಟ್ಟೆ ಲೆಕ್ಕ, ಸೊಪ್ಪಿನ ಲೆಕ್ಕ ಎಲ್ಲಾ ಹಾಕಿ ತೋಟದ ಪಕ್ಕದಲ್ಲೇ ಹೊಸ ಹುಳು ಮನೆ ಕಟ್ಟಿಸೋಣ ಅಂತ ಆಯಿತು. ಗೋಡೆ ಯಾವುದರದ್ದು ಅನ್ನುವ ಮಾತು ಬಂದಾಗ ನಮ್ಮ ಮನೆಯವರು ನನ್ನ ಮುಖ ನೋಡಿದರು. ಹುಳು ನೋಡಿಕೊಳ್ಳುವವಳು ನಾನು ತಾನೇ.

ಎಎಸಿ ಬ್ಲಾಕ್, ಅಂದರೆ ಒಳಗೆಲ್ಲಾ ಗಾಳಿ ಗುಳ್ಳೆ ಇರುವ ಸಿಮೆಂಟ್ ಬ್ಲಾಕ್, ಆಗಬಹುದಿತ್ತು. ಹಗುರ, ಬಿಸಿಯನ್ನೂ ಚೆನ್ನಾಗಿ ತಡೆಯುತ್ತೆ. ಆದರೆ ಹುಳು ಮನೆಯನ್ನು ಪ್ರತಿ ಬೆಳೆ ಮುಗಿದ ಮೇಲೆ ತೊಳೆದು, ಬ್ಲೀಚಿಂಗ್ ಪೌಡರ್ ನೀರು ಹೊಡೆದು ಸೋಂಕು ಕಳೆಯಬೇಕು. ಬೆಳೆ ಇದ್ದಾಗಲೂ ಒಳಗೆ ತೇವವೇ. ಎಎಸಿ ನೀರು ಜಾಸ್ತಿ ಹೀರುತ್ತದೆ, ಪ್ಲಾಸ್ಟರ್ ಎಲ್ಲಾದರೂ ಬಿರುಕು ಬಿಟ್ಟರೆ ಗೋಡೆ ನೀರು ಕುಡಿಯುತ್ತಾ ಕೂರುತ್ತದೆ. ಅದಕ್ಕೇ 8 ಇಂಚಿನ ಟೊಳ್ಳು ಸಿಮೆಂಟ್ ಬ್ಲಾಕ್ ತಂದು, ಅದರ ತೂತುಗಳಿಗೆ ಥರ್ಮಾಕೋಲ್ ತುಂಬಿಸೋಣ ಅಂತ ಮಾಡಿದೆವು. ಗಟ್ಟಿ ಚಿಪ್ಪು ಹೊರಗೆ, ಬಿಸಿ ತಡೆಯುವುದು ಒಳಗೆ.

ಇಲ್ಲಿಂದ ಶುರುವಾಗಿದ್ದು ಅಡಿ ಮತ್ತು ಮಿಲಿಮೀಟರಿನ ಜಗಳ. ನಮ್ಮ ಲೆಕ್ಕ 50 ಅಡಿ ಉದ್ದ, 20 ಅಡಿ ಅಗಲ. ಬ್ಲಾಕನ್ನು 16 ಇಂಚು ಅಂತ ಎಲ್ಲರೂ ಕರೆಯುತ್ತಾರೆ. ಟೇಪು ಹಿಡಿದರೆ ಅದು 390 ಮಿಲಿಮೀಟರ್. ಪಕ್ಕದ ಸಂದಿನ ಗಾರೆ 10 ಸೇರಿದರೆ 400. ಸರಿಯಾದ 16 ಇಂಚು ಅಂದರೆ 406. ಆರು ಮಿಲಿಮೀಟರ್ ಏನು ಮಹಾ ಅನ್ನಿಸುತ್ತೆ, ಅಲ್ವಾ? 50 ಅಡಿಗೆ 15,240 ಮಿಲಿಮೀಟರ್. 38 ಬ್ಲಾಕ್ ಜೋಡಿಸಿದರೆ 15,200. ಕೊನೆಯಲ್ಲಿ 40 ಮಿಲಿಮೀಟರ್ ಉಳಿಯಿತು. ಅಗಲದ ಕಡೆ 15 ಬ್ಲಾಕಿಗೆ 6,000, ಅಲ್ಲಿ 96 ಮಿಲಿಮೀಟರ್ ಉಳಿಯಿತು. ಇಟ್ಟಿಗೆ ಆಗಿದ್ದರೆ ಸಂದು ಸ್ವಲ್ಪ ಹಿಗ್ಗಿಸಿ, ಒಂದು ತುಂಡು ಒಡೆದು ಹಾಕಿ ಮುಗಿಸುತ್ತಿದ್ದರು. ಟೊಳ್ಳು ಬ್ಲಾಕನ್ನು ನಾಲ್ಕು ಇಂಚಿಗೆ ಒಡೆದರೆ ತೂತೇ ಒಡೆದು ಹೋಗುತ್ತದೆ. ಆ ತುಂಡಿನಲ್ಲಿ ಥರ್ಮಾಕೋಲ್ ಕೂರುವುದಿಲ್ಲ. ಪ್ರತಿ ವರಸೆಯಲ್ಲೂ ಅದೇ ಜಾಗದಲ್ಲಿ ಗಾರೆ ಉಂಡೆ ತುಂಬಿಸಬೇಕಾಗುತ್ತೆ. ಬಿಸಿಗೆ ಬಾಗಿಲು ತೆಗೆದಿಟ್ಟ ಹಾಗೆ ಅದು.

ಪಾಯ ತೋಡುವ ಮುಂಚೆಯೇ ಬ್ಲಾಕ್ ಮಾರುವವರು ಈ ಮಾತು ಹೇಳಿದ್ದರಿಂದ ಬಚಾವ್. ಮನೆಯನ್ನು 15.2 ಮೀಟರ್ ಉದ್ದ, 6 ಮೀಟರ್ ಅಗಲಕ್ಕೆ ಇಳಿಸಿದೆವು. ಆಮೇಲೆ ಲೆಕ್ಕ ಮುದ್ದಾಗಿ ಕೂತಿತು. ಮೊದಲ ವರಸೆಯಲ್ಲಿ ಉದ್ದದ ಗೋಡೆಗೆ 38 ಬ್ಲಾಕ್, ಮೂಲೆ ಎರಡೂ ಅದರದ್ದೇ. ಅಡ್ಡ ಗೋಡೆಗೆ ಮಧ್ಯದ 14. ಎರಡನೇ ವರಸೆಯಲ್ಲಿ ಮೂಲೆಗಳು ಅಡ್ಡ ಗೋಡೆಗೆ ಹೋಗುತ್ತವೆ. ಆಗ ಅಲ್ಲಿ 15, ಉದ್ದಕ್ಕೆ 37. ಒಂದೂ ಬ್ಲಾಕ್ ಒಡೆಯದೆ, ಮೇಲಿನ ಸಂದು ಕೆಳಗಿನ ಸಂದಿನ ಮೇಲೆ ಬರದೆ ಅರ್ಧ ಬ್ಲಾಕ್ ಸರಿದು ಕೂರುತ್ತದೆ. ಬಾಗಿಲು 1,200 ಮಿಲಿಮೀಟರ್, ಅಂದರೆ ಮೂರು ಬ್ಲಾಕಿನ ಜಾಗ. ಅದರ ಪಕ್ಕದಲ್ಲಿ ಮಾತ್ರ ಒಂದು ವರಸೆ ಬಿಟ್ಟು ಒಂದು ವರಸೆಗೆ ಅರ್ಧ ಬ್ಲಾಕ್ ಬೇಕು. ಅದನ್ನು ಅರ್ಧವಾಗಿಯೇ ಅಚ್ಚು ಹಾಕಿಸಿ ತಂದೆವು. ಉದ್ದದ ಗೋಡೆಗಳ ಮುಖ ಉತ್ತರ ದಕ್ಷಿಣಕ್ಕೆ, ಚಿಕ್ಕವುಗಳದ್ದು ಪೂರ್ವ ಪಶ್ಚಿಮಕ್ಕೆ. ಬಿಸಿಲು ಬಡಿಯುವ ಗೋಡೆ ಆದಷ್ಟೂ ಚಿಕ್ಕದಿರಲಿ ಅಂತ.

ಸೈಜುಗಲ್ಲಿನ ಪಾಯ, ಅದರ ಮೇಲೆ ಪ್ಲಿಂತ್ ಬೀಮು, ಅಂದರೆ ಗೋಡೆ ಹೊರುವ ಕಾಂಕ್ರೀಟ್ ಪಟ್ಟಿ. ಅದರ ಕಥೆ ಎಲ್ಲರ ಮನೆಯ ಕಥೆಯೇ, ಬಿಡಿ. ಹೇಳಬೇಕಾದ್ದು ಕಂಬಿಗಳ ವಿಷಯ. ಮೂಲೆಗಳಲ್ಲಿ, ಬಾಗಿಲ ಎರಡು ಪಕ್ಕದಲ್ಲಿ, ಉದ್ದದ ಗೋಡೆಯಲ್ಲಿ ಅಲ್ಲಲ್ಲಿ ಬೀಮಿನಿಂದ ಕಂಬಿ ಮೇಲೆ ನಿಲ್ಲಿಸಿದ್ದರು. ಆ ಕಂಬಿ ಬ್ಲಾಕಿನ ತೂತಿನ ಮಧ್ಯಕ್ಕೇ ಬರಬೇಕು. ಬ್ಲಾಕಿಗೆ ಎರಡು ತೂತು. ಮೂಲೆಯ ಹೊರ ಅಂಚಿನಿಂದ 100 ಮಿಲಿಮೀಟರಿಗೆ ಮೊದಲನೆಯದು, ಆಮೇಲೆ ಪ್ರತಿ 200ಕ್ಕೆ ಒಂದೊಂದು. ಈ ಲೆಕ್ಕದಲ್ಲಿ ನಿಲ್ಲಿಸಿದರೆ ಎಷ್ಟು ವರಸೆ ಏರಿಸಿದರೂ ತೂತಿನ ಮೇಲೆ ತೂತೇ ಬರುತ್ತದೆ. ಕಾಂಕ್ರೀಟ್ ಹಾಕಿ ವೈಬ್ರೇಟರ್ ಬಿಟ್ಟಾಗ ಒಂದು ಕಂಬಿ ಜರುಗಿತ್ತು, ಸುಮಾರು ಒಂದು ಇಂಚು. ಆಳು ಹುಡುಗ ಸುತ್ತಿಗೆ ತಂದು ಬುಡದಲ್ಲೇ ಬಗ್ಗಿಸಲು ಹೊರಟ. ಮೇಸ್ತ್ರಿ ತಡೆದರು. ಒಂದು ಇಂಚು ಜರುಗಿಸಬೇಕಾದರೆ ಆರು ಇಂಚು ಎತ್ತರದಲ್ಲಿ ನಿಧಾನವಾಗಿ ವಾಲಿಸಬೇಕು, ಬುಡದಲ್ಲಿ ಮಡಿಸಿದರೆ ಕಂಬಿ ಇದ್ದೂ ಇಲ್ಲದ ಹಾಗೆ.

ನಮ್ಮ ಮೇಸ್ತ್ರಿ ಕೆಲಸದವರ ಜೊತೆ ತೆಲುಗು, ನಮ್ಮ ಜೊತೆ ಕನ್ನಡ, ಅಳತೆ ಹೇಳುವಾಗ ಮಾತ್ರ ಎರಡೂ ಬೆರೆಸಿ. ಇಟ್ಟಿಗೆಯಲ್ಲಿ ಎತ್ತಿದ ಕೈ. "ಅಕ್ಕಾ, ಇದೇನು ದೊಡ್ಡ ವಿದ್ಯೆನಾ? ಬೀಮ್ ಮೇಲೆ ಗಾರೆ ಹಾಕಿ ಇಟ್ಕೊಂಡು ಹೋಗೋದು" ಅಂದರು. ಮಟ್ಟ ಹಿಡಿದು ನೋಡೋಣ ಮೇಸ್ತ್ರಿ ಅಂದೆ. ಟ್ಯೂಬ್ ಲೆವೆಲ್ ಹಿಡಿದರು. ಪೈಪಿನಲ್ಲಿ ನೀರು ತುಂಬಿ ಗುಳ್ಳೆ ಹೋಗುವ ತನಕ ಬೆರಳಿನಲ್ಲಿ ತಟ್ಟಬೇಕು. ಒಂದು ಗುಳ್ಳೆ ಉಳಿದರೂ ಎರಡು ತುದಿ ಬೇರೆ ಬೇರೆ ಮಾತು ಹೇಳುತ್ತವೆ. ಮೂಲೆಯಿಂದ ಮೂಲೆಗೆ ಬೀಮು 14 ಮಿಲಿಮೀಟರ್ ಏರುಪೇರು ಇತ್ತು. ಕಣ್ಣಿಗೆ ಏನೂ ಕಾಣದು.

ಇಂಥ ಕಡೆ ಎತ್ತರದ ಮೂಲೆಯಿಂದಲೇ ಶುರು ಮಾಡಬೇಕು. ಅಲ್ಲಿ ಗಾರೆ 10 ಮಿಲಿಮೀಟರ್, ತಗ್ಗಿನ ಕಡೆ ಹೋಗುತ್ತಾ 24ರ ತನಕ. ತಗ್ಗಿನ ಮೂಲೆಯಿಂದ 10 ಅಂತ ಹಿಡಿದರೆ ಎತ್ತರದ ಮೂಲೆಯಲ್ಲಿ ಗಾರೆಗೆ ಜಾಗವೇ ಇರುವುದಿಲ್ಲ. ಏರುಪೇರನ್ನೆಲ್ಲಾ ಮೊದಲ ವರಸೆಯ ಕೆಳಗಿನ ಗಾರೆಯೇ ನುಂಗಬೇಕು. ಮೇಲಿನ ಯಾವ ವರಸೆಗೂ ಅದನ್ನು ಹೊರಿಸಬಾರದು. ಇಟ್ಟಿಗೆಯಲ್ಲಾದರೆ ಪ್ರತಿ ವರಸೆಯಲ್ಲಿ ಒಂದೊಂದು ಚೂರು ಸರಿಮಾಡಿಕೊಂಡು ಹೋಗಬಹುದು. ಬ್ಲಾಕಿನಲ್ಲಿ ಹತ್ತು ಅಡಿ ಗೋಡೆಗೆ 15 ವರಸೆ ಅಷ್ಟೇ, ಸರಿಮಾಡುವ ಅವಕಾಶವೇ ಕಮ್ಮಿ.

ಬೀಮಿನ ಮೇಲ್ಭಾಗವನ್ನು ಉಳಿಯಲ್ಲಿ ಸ್ವಲ್ಪ ಕಚ್ಚು ಮಾಡಿ ತೊಳೆದು, ವಾಟರ್‌ಪ್ರೂಫ್ ಪೌಡರ್ ಬೆರೆಸಿದ 1:3 ಗಾರೆಯನ್ನು (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು) ಮುಂಚೆಯೇ ಹಾಸಿದ್ದರು. ನೆಲದ ತೇವ ಮೇಲೆ ಹತ್ತದಿರಲಿ ಅಂತ. ಅದು ಗಟ್ಟಿಯಾದ ಮೇಲೆ ಬಣ್ಣದ ದಾರ ಹೊಡೆದು ಗೋಡೆ ಗೆರೆ ಎಳೆದೆವು. ಮೂಲೆಮಟ್ಟ ಚಿಕ್ಕದು, ಇಷ್ಟು ಉದ್ದದ ಗೋಡೆಗೆ ಅದನ್ನು ನಂಬುವ ಹಾಗಿಲ್ಲ. 3-4-5ರ ಲೆಕ್ಕದಲ್ಲಿ (ಬದಿಗಳು 3 ಮತ್ತು 4 ಇದ್ದಾಗ ಓರೆ 5 ಬಂದರೆ ಮೂಲೆ ಸರಿ) ಮೂಲೆ ಕೂಡಿಸಿ, ಆಮೇಲೆ ಓರೆಯಾಗಿ ಎದುರು ಮೂಲೆಗೆ ಟೇಪು ಹಿಡಿದೆವು. ಎರಡು ಕಡೆಯಿಂದಲೂ 16 ಮೀಟರ್ 34 ಸೆಂಟಿಮೀಟರ್ ಬರಬೇಕು. ಬಂತು.

ಆಮೇಲೆ ಗಾರೆ ಇಲ್ಲದೆ ಸುಮ್ನೆ ಬ್ಲಾಕ್ ಜೋಡಿಸಿ ನೋಡುವ ಕೆಲಸ. ಮೇಸ್ತ್ರಿಗೆ ಇದು ಟೈಮ್ ವೇಸ್ಟ್. ನನಗೆ ಇದೇ ಮುಖ್ಯ. 10 ಎಂಎಂ ಕಂಬಿಯ ಗೇಣುದ್ದದ ತುಂಡುಗಳು ಬೀಮಿನ ಕೆಲಸದಲ್ಲಿ ಉಳಿದು ಬಿದ್ದಿದ್ದವು. ಎರಡು ಬ್ಲಾಕಿನ ಮಧ್ಯೆ ಒಂದೊಂದು ತುಂಡು ನಿಲ್ಲಿಸಿಕೊಂಡು ಹೋದರೆ ಸಂದು ತಾನಾಗೇ ಸರಿಯಾಗುತ್ತದೆ. ಮನೆ ಸುತ್ತಾ ಹೀಗೆ ಜೋಡಿಸಿ, ಬ್ಲಾಕಿನ ಸಂದುಗಳ ಜಾಗಕ್ಕೆ ಬೀಮಿನ ಮೇಲೆ ಪೆನ್ಸಿಲ್ ಗೆರೆ ಹಾಕಿದೆವು. ಕಂಬಿಗಳೆಲ್ಲಾ ತೂತಿನೊಳಗೆ ಬಂದವು. ವಾಲಿಸಿದ್ದು ಸಹ. ಬಾಗಿಲ ಚೌಕಟ್ಟಿನ ಜಾಗ, ನೀರಿನ ಪೈಪು ಹೋಗುವ ಜಾಗ ಎಲ್ಲಾ ಆಗಲೇ ಗೊತ್ತಾಯಿತು. ಮೇಸ್ತ್ರಿ ಮುಖ ಸಡಿಲವಾಯಿತು. ಇನ್ನೊಂದು ಕಡೆ ಮರದ ಪಟ್ಟಿ ಮೇಲೆ 200 ಮಿಲಿಮೀಟರಿಗೊಂದು ಗೆರೆ ಹಾಕಿ ಇಟ್ಟರು, ವರಸೆಯ ಎತ್ತರ ನೋಡಲು.

ಗಾರೆ 1:6. ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಅಂತ ನಮ್ಮ ಮನೆಯವರ ವಾದ. ಬ್ಲಾಕಿಗಿಂತ ಗಾರೆ ಗಟ್ಟಿಯಾದರೆ ಗೋಡೆ ಕುಗ್ಗುವಾಗ ಬ್ಲಾಕೇ ಸೀಳುತ್ತದೆ. ಗಾರೆ ಮೆದು ಇದ್ದರೆ ಸಂದಿನಲ್ಲಿ ಕೂದಲೆಳೆ ಬಿರುಕು ಬಿಟ್ಟು ಸುಮ್ಮನಾಗುತ್ತದೆ. ಇನ್ನೊಂದು, ಬ್ಲಾಕನ್ನು ಇಟ್ಟಿಗೆ ಹಾಗೆ ನೀರಿನಲ್ಲಿ ನೆನೆಸಬಾರದು. ಆಳುಗಳು ಅಭ್ಯಾಸಬಲದಿಂದ ಬೆಳಿಗ್ಗೆಯೇ ಪೈಪ್ ಹಿಡಿದು ರಾಶಿಗೆ ನೀರು ಬಿಡಲು ನಿಂತಿದ್ದರು. ನೆನೆದ ಸಿಮೆಂಟ್ ಬ್ಲಾಕ್ ಹಿಗ್ಗಿರುತ್ತದೆ, ಗೋಡೆಯಲ್ಲಿ ಒಣಗಿದಾಗ ಕುಗ್ಗಿ ಸಂದು ಬಾಯಿ ಬಿಡುತ್ತದೆ. ಬಿಸಿಲು ಜಾಸ್ತಿ ಇದ್ದರೆ ಗಾರೆ ತಾಗುವ ಅಂಚಿಗೆ ಮಾತ್ರ ಬ್ರಷ್‌ನಲ್ಲಿ ತೇವ ಮಾಡಿದರೆ ಸಾಕು. ಬ್ಲಾಕ್ ಕೊಳ್ಳುವಾಗಲೂ ಹೊಸದಾಗಿ ಅಚ್ಚು ತೆಗೆದ ಹಸಿ ಮಾಲು ತೆಗೆದುಕೊಳ್ಳಬೇಡಿ. 14 ದಿನ ನೀರು ಕುಡಿಸಿ, ಆಮೇಲೆ ವಾರಗಟ್ಟಲೆ ಒಣಗಿಸಿದ್ದೇ ಬೇಕು ಅಂತ ಕೇಳಿ.

ಬ್ಲಾಕಿಗೆ ಮೇಲು ಕೆಳಗು ಇದೆ. ಅಚ್ಚಿನಿಂದ ಸಲೀಸಾಗಿ ಬರಲಿ ಅಂತ ತೂತು ಒಂದು ಕಡೆ ಸ್ವಲ್ಪ ಅಗಲ, ಇನ್ನೊಂದು ಕಡೆ ಕಿರಿದು. ಕಿರಿದಾದ ಕಡೆ ಅಂಚು ದಪ್ಪ ಇರುತ್ತದೆ. ಆ ದಪ್ಪ ಅಂಚು ಮೇಲೆ ಬರಬೇಕು, ಆಗ ಮೇಲಿನ ವರಸೆಯ ಗಾರೆಗೆ ನಿಲ್ಲಲು ಜಾಗ ಸಿಗುತ್ತದೆ.

ಮೊದಲ ಬ್ಲಾಕ್ ಇಟ್ಟಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಮೇಸ್ತ್ರಿ ಎತ್ತರದ ಮೂಲೆಯಲ್ಲಿ ಎರಡು ಬ್ಲಾಕಿಗಾಗುವಷ್ಟು ಗಾರೆ ಸುರಿದು, ಕರಣೆ ತುದಿಯಲ್ಲಿ ಮಧ್ಯಕ್ಕೆ ಉದ್ದಕ್ಕೂ ಒಂದು ಗೀರು ಎಳೆದರು. ಬ್ಲಾಕ್ ಒತ್ತಿದಾಗ ಗಾರೆ ಆ ಗೀರಿನೊಳಗೆ ಸರಿದು ಸಮ ಆಗುತ್ತದೆ. ಸುಮಾರು 18 ಕೆಜಿ ಬ್ಲಾಕು. ತೂತುಗಳ ನಡುವಿನ ಅಡ್ಡಗೋಡೆಗೆ ಬೆರಳು ಹಾಕಿ ಎತ್ತಿ, ನೇರವಾಗಿ ಇಳಿಸಿದರು. ಎಳೆಯಲಿಲ್ಲ, ಜಾರಿಸಲಿಲ್ಲ. ಗಾರೆ ಎರಡೂ ಕಡೆ ತುಟಿ ಹಾಗೆ ಉಬ್ಬಿ ಬಂತು. ಮೇಲೆ ರಸಮಟ್ಟ ಇಟ್ಟರು. ಕರಣೆ ಹಿಡಿಯಿಂದ ಒಂದು ಮೂಲೆಗೆ ಟಕ್ ಅಂತ ಕುಟ್ಟಿದರು. ಗುಳ್ಳೆ ಮಧ್ಯಕ್ಕೆ ಬಂತು. ಅಡ್ಡಕ್ಕೆ ತಿರುಗಿಸಿ ಇಟ್ಟರು, ಇನ್ನೊಂದು ಟಕ್. ಗುಂಡು ಇಳಿಬಿಟ್ಟು ಮುಖ ನೋಡಿದರು. ಉಬ್ಬಿದ ಗಾರೆಯನ್ನು ಕರಣೆಯಲ್ಲಿ ಒಂದೇ ಎಳೆತಕ್ಕೆ ಕೊಯ್ದು ಬಾಂಡ್ಲಿಗೆ ಹಾಕಿದರು.

ಎದುರು ಮೂಲೆಯಲ್ಲೂ ಹೀಗೇ ಒಂದು. ಎರಡರ ಮೇಲ್ತುದಿಗೆ ಬಿಗಿಯಾಗಿ ಲೈನ್ ದಾರ. 15 ಮೀಟರ್ ದಾರ ಎಷ್ಟು ಬಿಗಿದರೂ ಮಧ್ಯದಲ್ಲಿ ಜೋಲುತ್ತದೆ. ಅದಕ್ಕೆ ಮಧ್ಯದಲ್ಲೂ ಮಟ್ಟಕ್ಕೆ ಸರಿಯಾಗಿ ಒಂದು ಬ್ಲಾಕ್ ಕೂಡಿಸಿ, ದಾರವನ್ನು ಅದರ ಮೇಲೆ ಹಾಯಿಸಿದರು. ನಡುವಿನ ಬ್ಲಾಕುಗಳನ್ನು ನಾಲ್ಕೈದು ಒಟ್ಟಿಗೆ ಎದ್ದು ನಿಲ್ಲಿಸಿ, ತುದಿಗಳಿಗೆ ಗಾರೆ ಮೆತ್ತಿ, ಒಂದೊಂದಾಗಿ ಮಲಗಿಸಿ ಹಿಂದಿನದಕ್ಕೆ ಒತ್ತಿದರು. ಬ್ಲಾಕ್ ದಾರವನ್ನು ಮುಟ್ಟಬಾರದು. ಮಧ್ಯೆ ಒಂದು ಕಾಗದದ ದಪ್ಪ ಬೆಳಕು ಕಾಣಬೇಕು. ಮುಟ್ಟಿದರೆ ದಾರ ಹೊರಗೆ ಬಾಗುತ್ತದೆ, ಆಮೇಲೆ ಬರುವ ಬ್ಲಾಕುಗಳೆಲ್ಲಾ ಬಾಗಿದ ದಾರವನ್ನೇ ಹಿಡಿದು ಹೋಗುತ್ತವೆ.

ಊಟ ಮುಗಿಸಿ ಬಂದ ಮೇಲೆ ಒಂದು ಬ್ಲಾಕ್ ಚೂರು ಒಳಗೆ ಹೋದಂತೆ ಕಂಡಿತು. ಆಳು ಹುಡುಗ ಸುತ್ತಿಗೆಯಿಂದ ತಟ್ಟಿ ಜರುಗಿಸಿದ. ಮೇಸ್ತ್ರಿ ಗದರಿದರು. "ಕಚ್ಕೊಂಡಿರೋ ಗಾರೇನ ಅಲ್ಲಾಡಿಸ್ತೀಯೇನೋ? ತೆಗೀ ಮೇಲಕ್ಕೆ." ಕಿತ್ತು, ಹಳೇ ಗಾರೆ ಕೆರೆದು, ಹೊಸ ಗಾರೆಯಲ್ಲಿ ಕೂಡಿಸಿದರು. ಒಂದು ಸಲ ಬಿಗಿ ಹಿಡಿದ ಮೇಲೆ ತಟ್ಟಿದರೆ ಬ್ಲಾಕ್ ಜಾಗಕ್ಕೆ ಬರುತ್ತದೆ, ಆದರೆ ಗಾರೆಯಿಂದ ಬಿಟ್ಟುಕೊಂಡಿರುತ್ತದೆ. ಹೊರಗೆ ಕಾಣುವುದಿಲ್ಲ. ಆ ಕೂದಲೆಳೆ ಜಾಗದಲ್ಲೇ ಮಳೆ ನೀರು ಒಳಗೆ ಬರುವುದು.

ಮೊದಲ ವರಸೆಗೆ ಥರ್ಮಾಕೋಲ್ ಹಾಕಲಿಲ್ಲ. ಇದು ನನ್ನ ಹಟ. ಅಷ್ಟೂ ತೂತಿಗೆ ಸಣ್ಣ ಜಲ್ಲಿಯ 1:2:4 ಕಾಂಕ್ರೀಟ್ ತುಂಬಿಸಿ ಕಂಬಿಯಲ್ಲಿ ಕುಕ್ಕಿಸಿದೆ. ಇಲಿಗೆ, ಇರುವೆಗೆ ಥರ್ಮಾಕೋಲ್ ಸಿಕ್ಕರೆ ಹಬ್ಬ. ಕೊರೆದು ಗೂಡು ಮಾಡಿಕೊಳ್ಳುತ್ತವೆ. ಹುಳು ಮನೆಯಲ್ಲಿ ಇಲಿ, ಇರುವೆ ಎರಡೂ ಎಂಥ ಶತ್ರು ಅಂತ ಸಾಕಿದವರಿಗೆ ಹೇಳಬೇಕಿಲ್ಲ. ಜೊತೆಗೆ ಊಜಿ, ಹುಳುವಿನ ಮೈಮೇಲೆ ಮೊಟ್ಟೆ ಇಡುವ ನೊಣ. ಹುಳುವಿನ ಮೈಯಿಂದ ಹೊರಗೆ ಬಿದ್ದ ಊಜಿ ಮರಿ ಗೋಡೆ ಬುಡದ ಸಂದು ಹುಡುಕಿಕೊಂಡು ಹೋಗುತ್ತದೆ. ಅಲ್ಲೇ ಕೋಶ ಕಟ್ಟಿ, ನೊಣವಾಗಿ ಮುಂದಿನ ಬೆಳೆಗೆ ಕಾಯುತ್ತದೆ. ಬ್ಲೀಚಿಂಗ್ ನೀರು ಆ ಸಂದಿನೊಳಕ್ಕೆ ಹೋಗುವುದಿಲ್ಲ. ಹಾಗಾಗಿ ಒಳಗಡೆ ಮೊದಲ ವರಸೆಯ ಸಂದುಗಳನ್ನೆಲ್ಲಾ ಗಾರೆ ಹಸಿ ಇರುವಾಗಲೇ ಒತ್ತಿ ತುಂಬಿಸಿ, ನುಣ್ಣಗೆ ಉಜ್ಜಿಸಿದೆ. "ಪ್ಲಾಸ್ಟರ್ ಬರ್ತದಲ್ಲಕ್ಕಾ, ಇದ್ಯಾಕೆ ಈಗ?" ಅಂದರು ಮೇಸ್ತ್ರಿ. ಪ್ಲಾಸ್ಟರ್ ಮೊದಲು ಬಿರುಕು ಬಿಡುವುದು ಬುಡದಲ್ಲೇ ಅಲ್ವಾ ಅಂದೆ. ಉಜ್ಜಿದರು.

ಎರಡನೇ ವರಸೆಯಿಂದ ಥರ್ಮಾಕೋಲ್. ಅಳತೆ ಕೊಟ್ಟು, ಬಿಸಿ ತಂತಿಯಲ್ಲಿ ಕೊಯ್ಯಿಸಿ ತಂದಿದ್ದೆವು. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದರೆ ಬಿಳಿ ಮುತ್ತು ಉದುರಿ ಗಾಳಿಗೆ ಹಾರುತ್ತವೆ. ನಮ್ಮ ಸೊಪ್ಪಿನ ತೋಟ ಹತ್ತು ಹೆಜ್ಜೆ ದೂರದಲ್ಲಿದೆ. ಎಲೆ ಮೇಲೆ ಅಂಟಿಕೊಂಡ ಮುತ್ತನ್ನು ಆರಿಸುತ್ತಾ ಕೂರಲು ಯಾರಿಗೆ ಸಮಯ ಇದೆ? ತುಂಡುಗಳನ್ನು ಬ್ಲಾಕ್ ತಲೆಕೆಳಗಾಗಿ ಇಟ್ಟು, ಅಗಲ ಬಾಯಿಯ ಕಡೆಯಿಂದ ತುರುಕಬೇಕು. ಸರಿಯಾಗಿ ಇಟ್ಟ ಮೇಲೆ ಮೇಲಿನಿಂದ ತುರುಕಲು ಹೋದರೆ ಬಾಯಿ ಕಿರಿದು, ಒಳಗೆ ಸಡಿಲ. ಸಡಿಲ ಬಿಟ್ಟರೆ ಸುತ್ತಾ ಗಾಳಿ ಆಡಿ ಅರ್ಧ ಲಾಭ ಹೋಯಿತು.

ಮೇಸ್ತ್ರಿಗೆ ಹೊಸ ತಾಪತ್ರಯ ಶುರುವಾಯಿತು. "ಅಕ್ಕಾ, ತೂತೆಲ್ಲಾ ಮುಚ್ಚಿದ್ರೆ ಕೈ ಎಲ್ಲಿ ಹಾಕೋದು?" ನ್ಯಾಯವೇ. ಎತ್ತುವುದೇ ಆ ಅಡ್ಡಗೋಡೆ ಹಿಡಿದು. ಥರ್ಮಾಕೋಲನ್ನು ಮೇಲಿನಿಂದ ಎರಡು ಬೆರಳು ತಗ್ಗಿಸಿ ಕೂಡಿಸಿದೆವು. ಹಿಡಿಯಲು ಜಾಗ ಆಯಿತು. ಬಿಸಿ ತಡೆಯುವುದರಲ್ಲಿ ಸ್ವಲ್ಪ ಬಿಟ್ಟುಕೊಟ್ಟ ಹಾಗೆ, ಆದರೆ ದಿನವಿಡೀ ಬ್ಲಾಕ್ ಎತ್ತುವವರ ಸೊಂಟವೂ ಲೆಕ್ಕಕ್ಕಿದೆ. ಕಂಬಿ ಇರುವ ತೂತುಗಳನ್ನು ಖಾಲಿ ಬಿಟ್ಟೆವು, ಅವಕ್ಕೆ ಕಾಂಕ್ರೀಟ್. ಈ ವರಸೆಯಿಂದ ಗಾರೆಯನ್ನು ಬ್ಲಾಕಿನ ಹೊರ ಅಂಚು, ಒಳ ಅಂಚು ಎರಡಕ್ಕೆ ಮಾತ್ರ ಪಟ್ಟಿ ಹಾಗೆ ಹಾಕುವುದು. ನಡುವಿನ ಅಡ್ಡಗೋಡೆಗಳ ಮೇಲೆ ಹಾಕಬಾರದು. ಅಲ್ಲೂ ಹಾಕಿದರೆ ಹೊರಗಿನ ನೀರಿಗೆ, ಬಿಸಿಗೆ ಇನ್ನೊಂದು ದಾರಿ ಆಗುತ್ತದೆ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. ಥರ್ಮಾಕೋಲ್ ತುಂಬಿದ ಮಾತ್ರಕ್ಕೆ ಗೋಡೆ ಐಸ್‌ಪೆಟ್ಟಿಗೆ ಆಗಲ್ಲ. ಕಾಂಕ್ರೀಟು ಥರ್ಮಾಕೋಲಿಗಿಂತ ಮೂವತ್ತು ಪಟ್ಟಿಗೂ ಜಾಸ್ತಿ ಬಿಸಿ ಸಾಗಿಸುತ್ತದೆ. ಬ್ಲಾಕಿನ ಅಡ್ಡಗೋಡೆಗಳ ಮೂಲಕ ಬಿಸಿ ಒಳಗೆ ಬರುತ್ತಲೇ ಇರುತ್ತದೆ. ಖಾಲಿ ಬ್ಲಾಕಿಗಿಂತ ಖಂಡಿತ ವಾಸಿ, ಅಂಗಡಿಯವರು ಹೇಳುವಷ್ಟು ಅಲ್ಲ. ಅದಕ್ಕೇ ಪಶ್ಚಿಮದ ಗೋಡೆಗೆ ಹೊರಗಿನಿಂದ ಸುಣ್ಣ, ಮುಂದೆ ಚಾಚಿದ ವರಾಂಡ, ಎರಡೂ ಇಟ್ಟುಕೊಂಡಿದ್ದೇವೆ. ಚಾವಣಿ ಬಿಸಿ ಬಿಟ್ಟರೆ ಗೋಡೆ ಎಷ್ಟು ತಡೆದೂ ಪ್ರಯೋಜನ ಇಲ್ಲ, ಅಲ್ಲಿಗೂ ದುಡ್ಡು ತೆಗೆದಿಡಿ. ಥರ್ಮಾಕೋಲ್ ಹತ್ತಿರ ವೆಲ್ಡಿಂಗ್ ಬೇಡ, ಥಿನ್ನರ್, ಪೆಟ್ರೋಲ್ ತಾಗಿಸಬೇಡಿ. ಬೆಂಕಿಗೆ ಹತ್ತಿಕೊಳ್ಳುತ್ತದೆ, ಪೆಟ್ರೋಲಿಗೆ ಕರಗಿ ಹೋಗುತ್ತದೆ.

ಮೂರನೇ ವರಸೆಗೆ ಮೂಲೆಗಳನ್ನು ಮೆಟ್ಟಿಲಿನಂತೆ ಮೊದಲು ಎಬ್ಬಿಸಿ, ಮರದ ಪಟ್ಟಿ ಹಿಡಿದು ನೋಡಿದರು. ನಾಲ್ಕು ಮೂಲೆಯಲ್ಲೂ ಗೆರೆಗೆ ಗೆರೆ ಕೂತಿತ್ತು. ಒಂದೇ ದಿನ ನಾಲ್ಕು ಅಡಿಗಿಂತ ಮೇಲೆ ಏರಿಸಬೇಡಿ ಅಂದೆ, ಒಪ್ಪಿದರು. ರಾತ್ರಿ ಮೋಡ ಇತ್ತು, ಗೋಡೆ ತಲೆಗೆ ಟಾರ್ಪಾಲು ಹೊದಿಸಿ ಕಲ್ಲು ಹೇರಿದರು. ಬಾಯಿ ತೆರೆದ ತೂತಿಗೆ ಮಳೆ ನೀರು ತುಂಬಿದರೆ ಅದು ಆರಲು ತಿಂಗಳಾಗುತ್ತದೆ. ಕ್ಯೂರಿಂಗ್ ಸಹ ಪೈಪ್ ಬಿಟ್ಟು ಅಲ್ಲ, ಒದ್ದೆ ಗೋಣಿ ಹೊದಿಸಿ ಸಂದುಗಳಿಗೆ ಮಾತ್ರ.

ಕೂಲಿ ವಿಷಯ ಕೊನೆಗೆ ಇಟ್ಟುಕೊಂಡಿದ್ದೆ. ಮೇಸ್ತ್ರಿ ಚದರಡಿ ಲೆಕ್ಕದಲ್ಲಿ ಗುತ್ತಿಗೆ ಹಿಡಿದಿದ್ದರು. ಆ ಲೆಕ್ಕದಲ್ಲಿ ಜೋಡಿಸಿ ನೋಡಿದ್ದು, ಮಟ್ಟ ಹಿಡಿದದ್ದು, ತೂತಿಗೆ ಕಾಂಕ್ರೀಟ್ ಕುಕ್ಕಿದ್ದು ಯಾವುದಕ್ಕೂ ಕಾಸಿಲ್ಲ. ಹಾಗಿದ್ದರೆ ಯಾರು ತಾನೇ ನಿಧಾನ ಮಾಡುತ್ತಾರೆ? ಮೊದಲ ಮೂರು ವರಸೆಗೆ ದಿನಗೂಲಿ, ಅದರ ಮೇಲಿನದಕ್ಕೆ ಚದರಡಿ ಅಂತ ಮಾತಾಡಿಕೊಂಡೆವು. ನೀವೂ ಬ್ಲಾಕಿನಲ್ಲಿ ಕಟ್ಟಿಸುವುದಾದರೆ ಕೆಲಸ ಶುರುವಾಗುವ ಮುಂಚೆಯೇ ಹೀಗೆ ಬರೆದಿಟ್ಟುಕೊಳ್ಳಿ. ನಾಲ್ಕನೇ ವರಸೆಯಿಂದ ನಮ್ಮ ಮೇಸ್ತ್ರಿ ಓಡಿದ ವೇಗಕ್ಕೆ ಥರ್ಮಾಕೋಲ್ ತುರುಕುವವರೇ ಹಿಂದೆ ಬಿದ್ದರು. ಅತ್ತೆಯನ್ನೂ ಆ ಕೆಲಸಕ್ಕೆ ಕೂಡಿಸಬೇಕಾಯಿತು.